ಸುಣ್ಣದ ಗಾಡಿ

ನಮ್ಮ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಟೈಲ್ಸ್ ಕತ್ತರಿಸುವ ಯಂತ್ರ, ಮಗ ಚಿಕ್ಕವನಿದ್ದಾಗಿನ ಸೈಕಲ್ಲು, ಬಕ್ರೀದಿಗೆ ಮಾತ್ರ ಹೊರಬರುವ ಬಿರಿಯಾನಿಯ ದೊಡ್ಡ ಡೇಗ್ಸಾ, ಇವುಗಳ ನಡುವೆ ಒಂದು ಗಾಡಿ. ಕೆಂಪು ತಗಡಿನ ಪೆಟ್ಟಿಗೆ, ಕೆಳಗೆ ಚಿಕ್ಕ ಚಿಕ್ಕ ಚಕ್ರ, ತಳ್ಳುವುದಕ್ಕೆ ಉದ್ದನೆಯ ಹಿಡಿ. ಇಲ್ಲಿನ ಶಾಲೆಗಳಲ್ಲಿ ಬೇಸ್‌ಬಾಲ್ ಮೈದಾನಕ್ಕೆ ಬಿಳಿ ಗೆರೆ ಎಳೆಯಲು ಇಟ್ಟುಕೊಂಡಿರುತ್ತಾರಲ್ಲ, ಅದೇ. ಪೆಟ್ಟಿಗೆಗೆ ಪುಡಿ ತುಂಬಿ ತಳ್ಳುತ್ತ ಹೋದರೆ ಹಿಂದೆ ನೆಟ್ಟಗೆ ಗೆರೆ ಬೀಳುತ್ತದೆ. ನಾನೂ ನಮ್ಮಣ್ಣನೂ ಬೇಸ್‌ಬಾಲ್ ಆಡಿದವರಲ್ಲ. ಈ ಗಾಡಿ ತಳ್ಳಿಕೊಂಡು ಲಾಸ್ ಏಂಜಲಿಸ್ಸಿನಲ್ಲಿ, ಸ್ಯಾನ್ ಡಿಯಾಗೋದಲ್ಲಿ ಮನೆ ಕಟ್ಟಿದವರು.

"ಶನಿವಾರ ಸನಾ ಬರ್ತಾಳೆ. ಅದನ್ನ ಒರೆಸಿ ಇಟ್ಟಿರಿ," ಎಂದು ನನ್ನ ಹೆಂಡತಿ ನಸ್ರೀನ್ ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೇಳಿದಳು. ಕನ್ನಡದಲ್ಲಿ ಹೇಳಿದಳು. ನಾವು ಮೈಸೂರಿನ ಮಂಡಿ ಮೊಹಲ್ಲಾದವರು, ಮನೆಮಾತು ಉರ್ದು. ನಸ್ರೀನ್ ಕನ್ನಡಕ್ಕೆ ಇಳಿದಳೆಂದರೆ ಮಾತು ಮುಗಿಯಿತು, ಇನ್ನು ಜಗಳ ಎಂದು ಅರ್ಥ.

"ಸುಣ್ಣ ಹಾಕೋ ಗಾಡಿ ಮೇಲೆ ಸುಣ್ಣ ಇದ್ದೇ ಇರುತ್ತೆ. ಒರೆಸೋಕೆ ಅದೇನು ಶೋ ಪೀಸಾ?"

"ಶೋ ಪೀಸೇ. ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಮೇಲಿಂದ ಲೈಟ್ ಬೇರೆ ಹಾಕ್ತಾರಂತೆ."

"ನಾನು ಕೊಡ್ತೀನಿ ಅಂತ ಯಾರು ಹೇಳಿದ್ದು?"

"ನಿಮ್ಮಣ್ಣ."

ನೋಡಿ, ಇಲ್ಲಿಗೆ ನನ್ನ ತಲೆ ಕೆಟ್ಟಿತು. ರಂಜಾನ್ ಮುಗಿದಾಗಿನಿಂದ ನಾನೂ ಅಣ್ಣನೂ ಒಂದು ಮಾತು ಆಡಿಲ್ಲ. ಅಣ್ಣನ ಹೆಸರು ಇಕ್ಬಾಲ್. ಅವನು ಆರ್ಕಿಟೆಕ್ಟ್. ನಾನು ಸಲೀಂ, ಆರ್ಕಿಟೆಕ್ಟ್ ಅಲ್ಲ. ೨೦೦೮ರಿಂದ ಹನ್ನೊಂದು ವರ್ಷ ಇಬ್ಬರೂ ಸೇರಿ ನಡೆಸಿದ ಸಂಸ್ಥೆಯನ್ನು ಅವನು ಈ ವರ್ಷ ಊರೂರಿನಲ್ಲಿ ಆಫೀಸಿರುವ ಒಂದು ದೊಡ್ಡ ಕಂಪನಿಯೊಳಗೆ ಸೇರಿಸಿಬಿಟ್ಟ. ಅವರ ಲಾಬಿಯಲ್ಲಿ ನಮ್ಮ ನೆನಪಿಗೊಂದು ಗೋಡೆ ಮಾಡುತ್ತಾರಂತೆ. ಗೋಡೆಯ ಮೇಲೆ ನಮ್ಮ ಇತಿಹಾಸ, ಗೋಡೆಯ ಮುಂದೆ ಗಾಜಿನೊಳಗೆ ನನ್ನ ಗಾಡಿ.

ಆ ಇತಿಹಾಸವನ್ನು ಅಣ್ಣನ ಮಗಳು ಸನಾ ನನಗೆ ಮುಂಚೆಯೇ ಕಳಿಸಿದ್ದಳು. ಎಂಟೇ ಎಂಟು ವಾಕ್ಯ. ಇಂಗ್ಲಿಷಿನಲ್ಲಿದ್ದ ಮೊದಲನೆಯದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ದೂರದೃಷ್ಟಿಯ ವಾಸ್ತುಶಿಲ್ಪಿಯೊಬ್ಬರು ಗ್ಲೆಂಡೇಲಿನ ಪುಟ್ಟ ಕೋಣೆಯಲ್ಲಿ, ಕುಟುಂಬದ ಬೆಂಬಲದೊಂದಿಗೆ, ಈ ಸಂಸ್ಥೆಯನ್ನು ಆರಂಭಿಸಿದರು.

ಕುಟುಂಬದ ಬೆಂಬಲ ಎಂದರೆ ನಾನು. ಆರಡಿಗೆ ಸ್ವಲ್ಪ ಕಮ್ಮಿ ಎತ್ತರದ, ಸಕ್ಕರೆ ಕಾಯಿಲೆ ಇರುವ, ಮೀಸೆಗೆ ಬಣ್ಣ ಹಚ್ಚುವ ಬೆಂಬಲ. ಓದುವವರು ಏನೆಂದುಕೊಳ್ಳಬೇಕು ಹೇಳಿ. ಮನೆಯಿಂದ ಯಾರೋ ಮಧ್ಯಾಹ್ನಕ್ಕೆ ಟಿಫಿನ್ ಕ್ಯಾರಿಯರ್ ತಂದುಕೊಡುತ್ತಿದ್ದರು ಎಂದಲ್ಲವೆ?

ಇನ್ನೊಂದು ವಾಕ್ಯದಲ್ಲಿ ಗಾಡಿಯ ಸಂಗತಿ ಇತ್ತು. ಅದು ನಮ್ಮ ಸಂಸ್ಥೆ 'ಗ್ರಾಹಕರ ಅನುಭವಕ್ಕಾಗಿ ನಡೆಸಿದ ಆರಂಭಿಕ ಪ್ರಯೋಗ'ವಂತೆ. ಪ್ರಯೋಗವಂತೆ. ನಮ್ಮ ಅಬ್ಬಾ ಬದುಕಿದ್ದರೆ ಆ ಹಾಳೆಯಲ್ಲಿ ಬೋಂಡಾ ಕಟ್ಟಿಸಿಕೊಂಡು ಬರುತ್ತಿದ್ದರು.

ಅಬ್ಬಾ ಮೇಸ್ತ್ರಿ. ಮೈಸೂರಿನಲ್ಲಿ ಅವರು ಕಟ್ಟಿದ ಮನೆಗಳು ಇನ್ನೂ ನಿಂತಿವೆ, ಕೆಲವು ಬ್ಯಾಂಕುಗಳಾಗಿವೆ. ಪಾಯ ಅಗೆಯುವ ಮುಂಚೆ ಸೈಟಿನಲ್ಲಿ ದಾರ ಕಟ್ಟಿ, ತಳಕ್ಕೆ ಮೊಳೆಯಿಂದ ತೂತು ಹೊಡೆದ ವನಸ್ಪತಿ ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿ, ಕುಲುಕುತ್ತ ಕುಲುಕುತ್ತ ಇಡೀ ಮನೆಯನ್ನು ನೆಲದ ಮೇಲೆ ಬರೆಯುತ್ತಿದ್ದರು. ಅದನ್ನು ಎಲ್ಲ ಮೇಸ್ತ್ರಿಗಳೂ ಮಾಡುತ್ತಾರೆ. ಅಬ್ಬಾ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯವರನ್ನೆಲ್ಲ ಕರೆಸಿ ಅದರೊಳಗೆ ಓಡಾಡಿಸುತ್ತಿದ್ದರು. "ಬಾಗಿಲಿಂದ ಬನ್ನಿ ಸ್ವಾಮಿ, ಗೋಡೆ ದಾಟಬೇಡಿ," ಎನ್ನುವರು. ವಕೀಲರಿರಲಿ, ತಹಸೀಲ್ದಾರರಿರಲಿ, ಅಂಗುಲ ಎತ್ತರವೂ ಇಲ್ಲದ ಗೋಡೆಯನ್ನು ದಾಟಿದರೆ ಬೈಸಿಕೊಳ್ಳುತ್ತಿದ್ದರು. ಎಲ್ಲರೂ ಒಳಗೆ ಬಂದು ನಿಂತ ಮೇಲೆ ಅಬ್ಬಾ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಬಂದವರು ಎಲ್ಲಿ ಕೂರ್ತಾರೆ?"

ಮನೆಯವರು ಅಡುಗೆಮನೆ ತೋರಿಸುವರು, ದೇವರಮನೆ ತೋರಿಸುವರು. ಅಬ್ಬಾ ಬಿಡುತ್ತಿರಲಿಲ್ಲ. ನೀವು ಹೇಗಾದರೂ ಇದ್ದುಬಿಡ್ತೀರಿ, ಬಂದವರು ಎಲ್ಲಿ ಕೂರ್ತಾರೆ ಅದನ್ನ ಹೇಳಿ. ಉತ್ತರ ಸಿಗುವ ತನಕ ಗುದ್ದಲಿ ಎತ್ತಿಸುತ್ತಿರಲಿಲ್ಲ. ಕೂಲಿಯವರೆಲ್ಲ ಸುತ್ತಲಿನ ಹಳ್ಳಿಯವರಾದ್ದರಿಂದ ಕಟ್ಟಡದ ಮಾತೆಲ್ಲ ಕನ್ನಡದಲ್ಲಿ ನಡೆಯುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಊಟ, ನಮಾಜು, ಮದುವೆ ಉರ್ದುವಿನಲ್ಲಿ. ಗೋಡೆ, ಗಾರೆ ಮತ್ತು ಬೈಗುಳ ಕನ್ನಡದಲ್ಲಿ. ನನಗೂ ಅಣ್ಣನಿಗೂ ಇವತ್ತಿಗೂ ಹಾಗೆಯೇ.

ನಾನು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಆ ಡಬ್ಬ ಹಿಡಿದೆ. ಇದನ್ನು ಹೇಳಿದ ಕೂಡಲೇ ಜನ ಮುಖ ಸಣ್ಣದು ಮಾಡಿಕೊಂಡು, ಅಣ್ಣನನ್ನು ಓದಿಸಲು ತಮ್ಮ ಮಾಡಿದ ತ್ಯಾಗ ಎಂದು ಕಥೆ ಕಟ್ಟುತ್ತಾರೆ. ಯಾವ ತ್ಯಾಗವೂ ಇಲ್ಲ. ಶಾಲೆ ನನಗೆ ಆಗುತ್ತಿರಲಿಲ್ಲ, ನಾನು ಶಾಲೆಗೆ ಆಗುತ್ತಿರಲಿಲ್ಲ. ಇಬ್ಬರೂ ಒಪ್ಪಿಯೇ ಬಿಟ್ಟದ್ದು. ಅಣ್ಣ ಓದಿದ, ಅಮೆರಿಕಕ್ಕೆ ಬಂದ, ಕೊನೆಗೆ ನನ್ನನ್ನೂ ಕರೆಸಿಕೊಂಡ. ನಾನು ಸ್ಯಾನ್ ಡಿಯಾಗೋದಲ್ಲಿ ಬಾತ್‌ರೂಮುಗಳಿಗೆ ಟೈಲ್ಸ್ ಹಾಕಿಕೊಂಡು ಯಾರ ಹಂಗೂ ಇಲ್ಲದೆ ಇದ್ದೆ.

೨೦೦೮ರಲ್ಲಿ ಒಂದು ದಿನ ಅಣ್ಣನ ಫೋನು. "ಸಲೀಂ, ನಿನ್ನ ವ್ಯಾನ್ ಖಾಲಿ ಇದೆಯಾ?" ಅವನು ಕೆಲಸ ಮಾಡುತ್ತಿದ್ದ ಆಫೀಸು ಅರ್ಧದಷ್ಟು ಜನರನ್ನು ಮನೆಗೆ ಕಳಿಸಿತ್ತು. ಇವನು ಹೊರಬರುವಾಗ ಅಲ್ಲಿನ ಹಳೆಯ ಡ್ರಾಯಿಂಗ್ ಟೇಬಲ್ಲನ್ನು ಕೊಂಡುಬಿಟ್ಟಿದ್ದ. ಎಲ್ಲರೂ ಕಂಪ್ಯೂಟರಿನಲ್ಲಿ ಗೀಚುವ ಕಾಲದಲ್ಲಿ ಆನೆಯಂಥ ಓಕ್ ಮರದ ಟೇಬಲ್ಲು. ಲಾಸ್ ಏಂಜಲಿಸ್ ಪಕ್ಕದ ಗ್ಲೆಂಡೇಲಿನಲ್ಲಿ ಒಂದು ಮದುವೆ ಕೇಕಿನ ಅಂಗಡಿಯ ಹಿಂದೆ ಕೋಣೆ ಹಿಡಿದಿದ್ದ. ಹೊತ್ತುಕೊಂಡು ಹೋದೆವು. ಟೇಬಲ್ಲು ಬಾಗಿಲಲ್ಲಿ ಸಿಕ್ಕಿಕೊಂಡಿತು. ನಾನು ಹೊರಗೆ, ಅಣ್ಣ ಒಳಗೆ, ನಡುವೆ ಟೇಬಲ್ಲು.

"ಅಳತೆ ನೋಡಲಿಲ್ವಾ?" ಎಂದೆ.

"ನೋಡಿದ್ದೆ."

"ಯಾವುದರದ್ದು?"

"ಕೋಣೆದು," ಎಂದ.

ಬಾಗಿಲು ಬರೆದು ಹೊಟ್ಟೆ ಹೊರೆಯಲು ಹೊರಟ ಸಂಸ್ಥೆ ಮೊದಲ ದಿನವೇ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಕಿಟಕಿಯ ಚೌಕಟ್ಟು ಬಿಚ್ಚಿ ಆ ಕಡೆಯಿಂದ ತಂದೆವು. ಕೇಕಿನ ಅಂಗಡಿಯವಳು ನಮ್ಮ ಅವಸ್ಥೆ ನೋಡಿ ನಕ್ಕು, ಮೂಲೆ ಮುರಿದು ಯಾರೋ ಬೇಡವೆಂದ ಮದುವೆ ಕೇಕಿನ ಒಂದು ಅಂತಸ್ತನ್ನು ಕೊಟ್ಟಳು. ನಮ್ಮ ಉದ್ಘಾಟನೆ ಬೇರೆಯವರ ಮದುವೆಯ ಕೇಕಿನಿಂದ ಆಯಿತು. ಇದು ಆ ಎಂಟು ವಾಕ್ಯದಲ್ಲಿ ಎಲ್ಲಿದೆ?

ಮನೆ ಸಾಲಗಳೆಲ್ಲ ಮುಳುಗಿದ ಆ ವರ್ಷ ಮನೆ ಕಟ್ಟುವವರೇ ಇರಲಿಲ್ಲ. ಇದ್ದ ಮನೆ ಕಳೆದುಕೊಂಡ ಮಕ್ಕಳು ಹೆಂಡತಿ ಮಕ್ಕಳ ಸಮೇತ ಅಪ್ಪ ಅಮ್ಮನ ಮನೆಗೆ ವಾಪಸು ಬರುತ್ತಿದ್ದರು. ಹಾಗಾಗಿ ಎಲ್ಲರಿಗೂ ಇನ್ನೊಂದು ಕೋಣೆ ಬೇಕು. ನಮ್ಮ ಸಂಸ್ಥೆ ಬದುಕಿದ್ದು ಇನ್ನೊಂದು ಕೋಣೆಯಿಂದ. ಮೊದಲು ಬಂದವನು ಗ್ಲೆಂಡೇಲಿನ ಒಬ್ಬ ಅರ್ಮೇನಿಯನ್. ಅಣ್ಣ ಪ್ಲಾನು ಹರಡಿ ವಿವರಿಸಿದ. ಅವನು ತಲೆ ಆಡಿಸಿದ. ಇನ್ನೂ ವಿವರಿಸಿದ. ಇನ್ನೂ ಆಡಿಸಿದ. ಅವನು ಹೋದ ಮೇಲೆ ಅಣ್ಣ ಪೆನ್ಸಿಲ್ ಎಸೆದ.

"ಸಲೀಂ, ಇವನಿಗೆ ಏನೂ ತಿಳೀಲಿಲ್ಲ. ತಿಳಿದೋರು ಹಿಂಗೆ ತಲೆ ಆಡಿಸಲ್ಲ. ಅಬ್ಬಾ ಹಾಕ್ತಿದ್ದ ಹಾಗೆ ಹಾಕು."

ಕೇಳಿಸಿಕೊಂಡಿರಾ? ಹಾಕು ಎಂದವನು ಅವನು. ನಾನಲ್ಲ. ಅದಕ್ಕೇ ನನಗೆ ಇಷ್ಟು ಉರಿಯುವುದು.

ಕೇಕಿನ ಅಂಗಡಿಯ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ಭಾನುವಾರ ಬೆಳಿಗ್ಗೆ ಹಾಕಿದೆ. ಸುಣ್ಣದ ಪುಡಿ ಎಲ್ಲಿ ಸಿಗುತ್ತದೆಂದು ಗೊತ್ತಾಗದೆ, ಕೇಕಿನವಳ ಹತ್ತಿರ ಇಸಿದುಕೊಂಡ ಮೈದಾ ಹಿಟ್ಟಿನಲ್ಲಿ ಹಾಕಿದೆ. ಅರ್ಮೇನಿಯನ್ ಸಂಸಾರ ಬರುವ ಹೊತ್ತಿಗೆ ಗ್ಲೆಂಡೇಲಿನ ಪಾರಿವಾಳಗಳೆಲ್ಲ ಸೇರಿ ಬೆಡ್‌ರೂಮಿನ ಒಂದು ಗೋಡೆಯನ್ನು ಪೂರ್ತಿ ತಿಂದು ಮುಗಿಸಿದ್ದವು. ಆ ವಾರವೇ ಪಕ್ಕದೂರು ಪಸಡೀನಾದ ಶಾಲೆಯೊಂದು ಹಳೆ ಸಾಮಾನು ಮಾರುವಲ್ಲಿ ಈ ಗಾಡಿ ಸಿಕ್ಕಿತು. ಮತ್ತೆ ಹಾಕಿದೆ. ಆ ಮನೆಯ ಅಜ್ಜಿ ಮಡಚುವ ಕುರ್ಚಿ ತಂದು ನಡುಮನೆಯಲ್ಲಿ ಕೂತಳು. ಕೇಕು ಒಯ್ಯಲು ಬಂದ ಯಾರೋ ಕಾರನ್ನು ತಂದು ಅವಳ ಬೆಡ್‌ರೂಮಿನಲ್ಲಿ ನಿಲ್ಲಿಸಿದ. ಅಜ್ಜಿ ಎದ್ದು ಹೋಗಿ ಬಾನೆಟ್ಟಿನ ಮೇಲೆ ಗುದ್ದಿ, ತನ್ನ ಭಾಷೆಯಲ್ಲಿ ಅವನ ವಂಶವನ್ನೆಲ್ಲ ವಿಚಾರಿಸಿಕೊಂಡಳು. ಅವನು ಕಾರು ತೆಗೆದ. ಆಗ ಅಣ್ಣ ಇಂಗ್ಲಿಷಿನಲ್ಲಿ ಅಬ್ಬಾನ ಪ್ರಶ್ನೆ ಕೇಳಿದ, ಆ ಅರ್ಮೇನಿಯನ್ ಅದನ್ನು ತಮ್ಮ ಭಾಷೆಯಲ್ಲಿ ಅಜ್ಜಿಗೆ ಹೇಳಿದ. ಅಜ್ಜಿ ತನ್ನ ಕುರ್ಚಿಯನ್ನು ಒಂದು ಗೋಡೆಯ ಕಡೆಗೆ ಎಳೆದು ನನ್ನ ತೋಳು ಹಿಡಿದು ಅದರಲ್ಲಿ ಕೂರಿಸಿದಳು. ಆ ಕೋಣೆಯ ಕಿಟಕಿ ಅಲ್ಲೇ ಬಂತು.

ಅಲ್ಲಿಂದ ಅದೇ ನಮ್ಮ ಪದ್ಧತಿ. ಗಾಡಿ ಉರುಳದೆ ಯಾವ ಮನೆಯೂ ಏಳಲಿಲ್ಲ. ಸ್ಯಾನ್ ಡಿಯಾಗೋದಲ್ಲಿ ಬ್ರಾಂಚು ಮಾಡಿದೆವು, ಅದಕ್ಕೆ ನಾನು. ತಪ್ಪುಗಳೇ ಆಗಲಿಲ್ಲ ಎನ್ನುವುದಿಲ್ಲ. ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಹುಬ್ಬಳ್ಳಿಯ ಶಾಂತಕ್ಕ ಎಂಬವರ ಮನೆ. ಸೈಟು ಇನ್ನೂ ಪೊದೆಗಳಲ್ಲಿ ಮುಳುಗಿತ್ತೆಂದು ಗುಡ್ಡದ ಮೇಲಿನ ಪಾರ್ಕಿಂಗ್ ಲಾಟಿನಲ್ಲಿ ಗೆರೆ ಹಾಕಿದೆವು. ಶಾಂತಕ್ಕ ಅದರಲ್ಲಿ ಓಡಾಡಿ, ಸಮುದ್ರದ ಗಾಳಿ ಮುಖಕ್ಕೆ ಬಡಿಯುವ ಒಂದು ಕಡೆ ನಿಂತು, ತೂಗುಮಂಚ ಇಲ್ಲೇ ಎಂದರು. ಅಲ್ಲೇ ಕಬ್ಬಿಣದ ಕೊಂಡಿ ಇಟ್ಟು ಕಟ್ಟಿದೆವು. ಗೃಹಪ್ರವೇಶವಾದ ವಾರಕ್ಕೆ ಫೋನು.

"ಸಲೀಂಭಾಯ್, ಗಾಳಿ ಎಲ್ಲಿ ಇಟ್ಟೀರಿ?"

"ಯಾವ ಗಾಳಿ ಅಕ್ಕಾ?"

"ಸುಣ್ಣದಾಗ ಇದ್ದಾಗ ಭಾಳ ಛಲೋ ಗಾಳಿ ಬರ್ತಿತ್ತಲ್ರೀ. ಈಗ ಗ್ವಾಡಿ ನೋಡ್ಕೋತ ತೂಗಾಕ್ಹತ್ತೀನಿ."

ಗುಡ್ಡದ ಗಾಳಿ ಗುಡ್ಡದಲ್ಲೇ ಉಳಿದಿತ್ತು. ನಮಗಿಬ್ಬರಿಗೂ ಅದು ಹೊಳೆದಿರಲೇ ಇಲ್ಲ. ಅಣ್ಣ ಗ್ಲೆಂಡೇಲಿನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು, ತೂಗುಮಂಚದಲ್ಲಿ ಒಂದು ಮಧ್ಯಾಹ್ನವಿಡೀ ತೂಗಿ, ಪಕ್ಕದ ಗೋಡೆಯಲ್ಲಿ ಎಲ್ಲಿ ಒಡೆದರೆ ಗಾಳಿ ಬರುತ್ತದೆಂದು ಹುಡುಕಿ, ಒಡೆಸಿ ಹೋದ. ಹೋಗುವಾಗ ಶಾಂತಕ್ಕನ ಜೋಳದ ರೊಟ್ಟಿ ಕಟ್ಟಿಸಿಕೊಂಡ. ಅಂಥವನಾಗಿದ್ದ.

ಮೂರು ವರ್ಷದ ಹಿಂದೆ ಅವನಿಗೆ ಸ್ಟ್ರೋಕ್ ಆಯಿತು. ಮಾತಿಗೆ ಏನೂ ಆಗಲಿಲ್ಲ, ಎಡಗಾಲು ಸೋತಿತು. ಸನಾ ಆರ್ಕಿಟೆಕ್ಚರ್ ಓದಿ ಬಂದು ಆಫೀಸು ನೋಡಿಕೊಂಡಳು. ಹುಡುಗಿ ಬುದ್ಧಿವಂತೆ, ಅಪ್ಪನಿಗಿಂತ ಚುರುಕು. ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಅವಳು ತಂದ ಕನ್ನಡಕದ ಮೇಲೆ. ಮುಖದ ಮೇಲೆ ಡಬ್ಬಿಯಂತೆ ಕೂರುವ ಕನ್ನಡಕ. ಹಾಕಿಕೊಂಡರೆ ಕಟ್ಟದ ಮನೆಯೊಳಗೆ ಓಡಾಡಿದ ಹಾಗೆ ಕಾಣುತ್ತದೆ. ಬಂದವರು ಹಾಕಿಕೊಂಡು, ಗಾಳಿಯಲ್ಲಿ ಕೈ ಬೀಸಿ, ವಾವ್ ಎನ್ನುತ್ತಾರೆ. ಒಬ್ಬೊಬ್ಬರೇ ಹಾಕಿಕೊಳ್ಳಬೇಕು. ಅಜ್ಜಿ ಒಳಗಿದ್ದಾಗ ಮೊಮ್ಮಗ ಹೊರಗೆ. ಹಾಗಿದ್ದ ಮೇಲೆ ಬಂದವರು ಎಲ್ಲಿ ಕೂರುತ್ತಾರೆ ಎಂದು ಯಾರನ್ನು ಕೇಳುವುದು? ಆ ಮನೆಗೆ ಯಾರೂ ಬರುವುದೇ ಇಲ್ಲವಲ್ಲ.

ಆಮೇಲೆ ದೊಡ್ಡ ಕಂಪನಿ ಬಂತು. ಅದರ ವಕೀಲರಿಗೆ ಗಾಡಿಯ ವಿಷಯ ತಿಳಿದು, ಗ್ರಾಹಕರು ಪುಡಿಯ ಮೇಲೆ ಜಾರಿ ಬಿದ್ದರೆ ಯಾರು ಹೊಣೆ ಎಂದರು. ಅಷ್ಟು ವರ್ಷದಲ್ಲಿ ಜಾರಿದವನು ನಾನೊಬ್ಬನೇ, ಅದೂ ಬಾಳೆಹಣ್ಣಿನ ಸಿಪ್ಪೆಯ ಮೇಲೆ. ಗಾಡಿ ಬಂದ್.

ಇದೆಲ್ಲ ನನಗೆ ತಿಳಿದದ್ದು ಹೇಗೆ ಗೊತ್ತೆ? ಫೋನಿನ ಕ್ಯಾಲೆಂಡರಿನಲ್ಲಿ ಒಂದು ಮೀಟಿಂಗ್ ಬಂದು ಕೂತಿತ್ತು. ಅರ್ಧ ಗಂಟೆಯ ಮೀಟಿಂಗು. ಒಂದೇ ತಟ್ಟೆಯಲ್ಲಿ ಉಂಡ ಅಣ್ಣ ನನಗೆ ಕ್ಯಾಲೆಂಡರ್ ಕಳಿಸಿದ್ದ. ಗ್ಲೆಂಡೇಲಿಗೆ ಹೋದೆ. ಅದೇ ಓಕ್ ಟೇಬಲ್ಲಿನ ಸುತ್ತ ಕೂತೆವು. ಹೊಸ ಕಂಪನಿಯಲ್ಲಿ ನನಗೂ ಒಂದು ಹುದ್ದೆಯಂತೆ, ಕಮ್ಯುನಿಟಿ ಲಿಯೇಜಾನ್.

"ಅಂದ್ರೆ ಏನು ಮಾಡ್ಬೇಕು?" ಎಂದೆ.

"ಯು ಟಾಕ್ ಟು ಪೀಪಲ್, ಚಾಚಾ. ಯು ಆರ್ ಸೋ ಗುಡ್ ವಿತ್ ಪೀಪಲ್," ಎಂದಳು ಸನಾ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಮಾತಾಡೋಕೆ ಸಂಬಳ ತಗೊಳ್ಳೋ ಅಷ್ಟು ಸೋಮಾರಿ ಅಲ್ಲ ನಾನು. ಭಾಯಿ, ನೀನು ಹೇಳು. ಮಗಳ ಹತ್ರ ಹೇಳಿಸಬೇಡ."

ಅಣ್ಣ ಟೇಬಲ್ಲಿನ ಅಂಚನ್ನು ಸವರುತ್ತಿದ್ದ. "ಸಲೀಂ, ನನ್ನಿಂದ ಆಗ್ತಿಲ್ಲ," ಎಂದ.

"ಆಗದಿದ್ರೆ ಮುಚ್ಚು. ಮುಚ್ಚಿದ್ರೆ ಮರ್ಯಾದೆ ಇರುತ್ತೆ. ಅಬ್ಬಾನ ಕೆಲಸ ತಗೊಂಡುಹೋಗಿ ಇನ್ನೊಬ್ಬರ ಬೋರ್ಡಿನ ಕೆಳಗೆ ಇಡಬೇಡ."

ನಾನು ಎದ್ದು ಹಿಂದಿನ ಬಾಗಿಲಿಂದ ಹೋಗಿ ಗಾಡಿಯನ್ನು ವ್ಯಾನಿಗೆ ಏರಿಸಿಕೊಂಡು ಸ್ಯಾನ್ ಡಿಯಾಗೋಗೆ ಬಂದೆ. ಪೆಟ್ಟಿಗೆಯ ಮುಚ್ಚಳ ಹಾಕದೆ ಬಂದಿದ್ದರಿಂದ ದಾರಿಯುದ್ದಕ್ಕೂ ಪುಡಿ ಹಾರಿ, ಮನೆಗೆ ಬಂದಾಗ ನಾನು ಹಿಟ್ಟು ಹಚ್ಚಿದ ಉದ್ದಿನ ಹಪ್ಪಳದಂತೆ ಕಾಣುತ್ತಿದ್ದೆನೆಂದು ನಸ್ರೀನ್ ಇವತ್ತಿಗೂ ನಗುತ್ತಾಳೆ. ನಗಲಿ.

ಶನಿವಾರ ಬಂತು. ಗಾಡಿ ಒರೆಸಿರಲಿಲ್ಲ. ಕೊಡುವುದಿಲ್ಲ ಎಂಬ ಮಾತನ್ನು ಮೂರು ನಾಲ್ಕು ರೀತಿಯಲ್ಲಿ ಜೋಡಿಸಿಕೊಂಡು ಡ್ರೈವ್‌ವೇಯಲ್ಲಿ ನಿಂತಿದ್ದೆ. ಸನಾಳ ಕಾರು ಬಂತು. ಅವಳ ಪಕ್ಕದಲ್ಲಿ ಅಣ್ಣ ಕೂತಿದ್ದ. ಅವನು ಬರುವನೆಂದು ನನಗೆ ಯಾರೂ ಹೇಳಿರಲಿಲ್ಲ. ನಸ್ರೀನಳ ಮುಖ ನೋಡಿದೆ. ಅವಳಿಗೆ ಗೊತ್ತಿತ್ತು.

"ಹಾಯ್ ಚಾಚಾ. ಈಸ್ ಇಟ್ ರೆಡಿ?"

"ಅದು ಯಾವಾಗಲೂ ರೆಡಿ. ನೀವೇ ರೆಡಿ ಇಲ್ಲ."

ಅಣ್ಣ ಇಳಿದ. ಸನಾ ವಾಕರ್ ಬಿಚ್ಚಿ ಕೊಟ್ಟಳು. ಅದನ್ನು ಮುಂದೆ ಇಟ್ಟು, ಎಡಗಾಲು ಎಳೆದು, ಮತ್ತೆ ಮುಂದೆ ಇಟ್ಟು ನನ್ನ ತನಕ ಬಂದ. ಸಲಾಮಿಲ್ಲ, ಹೇಗಿದ್ದೀಯ ಎನ್ನುವುದಿಲ್ಲ.

"ಪುಡಿ ಇದೆಯಾ?" ಎಂದ.

"ಯಾಕೆ, ಗಾಜಿನೊಳಗೂ ಪುಡಿ ಬೇಕಾ?"

"ಸನಾ ಪಸಡೀನಾದಲ್ಲಿ ಅವಳ ಮನೆ ಹಿಂದೆ ನನಗೊಂದು ಕೋಣೆ ಕಟ್ಟಿಸ್ತಿದಾಳೆ. ಮೆಟ್ಟಿಲು ಹತ್ತೋಕಾಗಲ್ವಲ್ಲ ಇನ್ನು. ಕನ್ನಡಕ ಹಾಕಿ ತೋರಿಸಿದ್ಳು."

"ವಾವ್ ಅಂದ್ಯಾ?"

"ಇಲ್ಲ. ತಲೆ ಆಡಿಸಿದೆ."

ತಿಳಿದವರು ಹಾಗೆ ತಲೆ ಆಡಿಸುವುದಿಲ್ಲ ಎಂದು ನನಗೆ ಕಲಿಸಿದವನೇ ಅವನು.

"ಹಾಕು," ಎಂದ.

ಹಾಕುವುದಿಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಕೈ ಪುಡಿಯ ಚೀಲ ಬಿಚ್ಚುತ್ತಿತ್ತು. ಸನಾ ಫೋನು ನೋಡಿ ಅಳತೆ ಹೇಳಿದಳು, ನಾನು ತಳ್ಳಿದೆ. ನಮ್ಮ ಬೀದಿ ಅಲ್ಲಿಗೇ ಮುಗಿಯುವುದರಿಂದ ಕಾರುಗಳ ಕಾಟವಿಲ್ಲ. ಅರ್ಧ ಕೋಣೆ ಡ್ರೈವ್‌ವೇಯಲ್ಲಿ, ಅರ್ಧ ರಸ್ತೆಯಲ್ಲಿ ಎದ್ದಿತು. ಅಣ್ಣ ಬಾಗಿಲಿಂದ ಬಂದ. ಗೋಡೆ ದಾಟಲಿಲ್ಲ. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ತಿರುಗಿ ಬಂದ, ಒಲೆಯ ಹತ್ತಿರ ಹೋಗಿ ಬಂದ, ಮಂಚ ಬರುವ ಜಾಗವನ್ನು ಸುತ್ತಿದ. ಎಲ್ಲೂ ತಗುಲಲಿಲ್ಲ. ಹುಡುಗಿ ಒಂದಂಗುಲ ತಪ್ಪಿಲ್ಲದೆ ಪ್ಲಾನು ಹಾಕಿದ್ದಳು. ಅದಕ್ಕೂ ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

"ಎಲ್ಲಾ ಸರಿ ಇದೆ," ಎಂದ ಅಣ್ಣ. ಮಂಚದ ಪಕ್ಕ ನಿಂತು ಸುತ್ತ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ನೀನು ಬಂದ್ರೆ ಎಲ್ಲಿ ಕೂರ್ತೀಯ?"

"ನಾನ್ಯಾಕೆ ಬರ್ಲಿ?"

"ಬಂದ್ರೆ."

"ಬರಲ್ಲ."

"ಸರಿ. ಹಂಗಾದ್ರೆ ಅಗೆಯೋದು ಬೇಡ," ಎಂದು ಅಲ್ಲೇ ನಿಂತ. ಅಷ್ಟು ಹೊತ್ತು ನಿಲ್ಲುವುದು ಅವನಿಂದ ಆಗುವುದಿಲ್ಲ. ನಮ್ಮ ಅಬ್ಬಾನ ಹಟವೆಲ್ಲ ಹಿರಿ ಮಗನಿಗೆ ಹೋಗಿದೆ. ನನಗೆ ಬಂದದ್ದು ಬರೀ ಸಿಟ್ಟು.

"ಡ್ಯಾಡಿ, ಚಾಚಾ ಕ್ಯಾನ್ ಸಿಟ್ ಆನ್ ದ ಬೆಡ್."

"ಅವನು ಕೂರಲ್ಲ," ಎಂದ ಅಣ್ಣ. ಹೌದು, ಕೂರುವುದಿಲ್ಲ. ಕಾಯಿಲೆಯವರ ಮಂಚದ ಮೇಲೆ ಕೂರುವುದು ನನಗೆ ಆಗುವುದಿಲ್ಲ. ಅವನಿಗೆ ಅದು ನೆನಪಿತ್ತು.

ಸನಾ ಇಬ್ಬರನ್ನೂ ನೋಡಿದಳು. ಫೋನು ಜೇಬಿಗೆ ಹಾಕಿದಳು. ತನ್ನ ಬಿಳಿ ಶೂನಿಂದ ಕಿಟಕಿ ಕಡೆಯ ಗೋಡೆಯನ್ನು ಉಜ್ಜಿ ಅಳಿಸಿದಳು. ನನ್ನ ಕೈಯಿಂದ ಗಾಡಿ ಕಿತ್ತುಕೊಂಡು, ಆ ಗೋಡೆಯನ್ನು ಒಂದು ಕುರ್ಚಿಯಷ್ಟು ಆಚೆಗೆ ತಳ್ಳಿ ಹೊಸ ಗೆರೆ ಎಳೆದಳು.

"ಇಲ್ಲಿ ಸಾಕಾ, ಚಾಚಾ?" ಕನ್ನಡದಲ್ಲೇ ಕೇಳಿದಳು.

"ಗೆರೆ ಸೊಟ್ಟಗಿದೆ," ಎಂದೆ.

"ಫೈನ್. ಪಸಡೀನಾದಲ್ಲಿ ನೀವೇ ಬಂದು ಹಾಕಿ. ಲಾಬಿಯವರಿಗೆ ಐ ವಿಲ್ ಟೆಲ್ ದೆಮ್ ಇಟ್ಸ್ ಇನ್ ಯೂಸ್."

ಅಣ್ಣ ಇನ್ನೂ ನಿಂತೇ ಇದ್ದ. ಗ್ಯಾರೇಜಿಗೆ ಹೋಗಿ ಎರಡು ಬಕೆಟ್ ತಂದೆ. ನಾನು ನಿಂತ ಕಡೆಯಿಂದ ಆ ಜಾಗ ಒಂದು ಹೆಜ್ಜೆ, ಗೋಡೆ ದಾಟಿದರೆ ಮುಗಿಯಿತು. ದಾಟಲಿಲ್ಲ. ಸುತ್ತಿ ಬಂದು ಬಾಗಿಲಿಂದ ಒಳಗೆ ಹೋದೆ. ಒಂದನ್ನು ಬೋರಲು ಹಾಕಿ ಅವನನ್ನು ಕೂರಿಸಿ, ಇನ್ನೊಂದನ್ನು ಕಿಟಕಿಯ ಹತ್ತಿರ ಬೋರಲು ಹಾಕಿ ನಾನೂ ಕೂತೆ. ಸಿಟ್ಟು ಇಳಿದಿರಲಿಲ್ಲ. ಇವತ್ತಿಗೂ ಇಳಿದಿಲ್ಲ. ಸಿಟ್ಟು ಇಟ್ಟುಕೊಂಡೇ ಕೂತೆ. ಹುಡುಗಿ ಅದಕ್ಕೂ ಸೇರಿಸಿಯೇ ಜಾಗ ಬಿಟ್ಟಿದ್ದಳು.